ಕೆಂಚಕ್ಕನ ಗುಡ್ಡ

ನಿನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡಿರಲಿಲ್ಲ ನೋಡು, ಅಂಥಾ ಒಂದಾನೊಂದು ಕಾಲದಲ್ಲಿ ಗುಡ್ಡದ ಸೀಮೆಗೆ ಮುದ್ದನಾಯಕ ಅಂತ ಒಬ್ಬ ಪಾಳೇಗಾರ ಇದ್ದನಂತೆ. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಬೊಮ್ಮಕ್ಕ, ನಡುವಿನೋಳು ಈರಕ್ಕ, ಕಿರಿಯೋಳು ಕೆಂಚಕ್ಕ. ಒಂದಿನ ಅಪ್ಪ ಮೂವರನ್ನೂ ಕರೆದು, ತಲೆಗೊಂದು ಕಾಡುಗುಡ್ಡ ಕೊಡ್ತೀನಿ ಕಣ್ರವ್ವಾ, ಚೆನ್ನಾಗಿ ನೋಡ್ಕೊಳ್ಳಿ ಅಂದನಂತೆ.

ಬೊಮ್ಮಕ್ಕ ಏನು ಮಾಡಿದಳು, ಗುಡ್ಡದ ಮರ ಎಲ್ಲಾ ಕಡಿಸಿ ಬೋಳು ಮಾಡಿ, ಆಮೇಲೆ ಬರೀ ತೇಗದ ಸಸಿ ಸಾಲಾಗಿ ನೆಡಿಸಿದಳಂತೆ. ಈರಕ್ಕ ನೆಟ್ಟಗಿರೋ ಮರ ಆರಿಸಿ ಆರಿಸಿ ಕಡಿಸಿ, ಡೊಂಕು ಮರ, ಪೊಟರೆ ಮರ ಬಿಟ್ಟು, ಕೆಳಗೆ ಸೀಮೆಯ ಮೇಕೆಗಳನ್ನೆಲ್ಲಾ ಮೇಯೋಕೆ ಬಿಟ್ಟಳಂತೆ.

ಕೆಂಚಕ್ಕ ಮಾತ್ರ ಗುಡ್ಡ ಹತ್ತಿ ಹತ್ತಿ ನೋಡಿದಳಂತೆ. ದಟ್ಟ ನೆರಳಲ್ಲಿ ಹೊನ್ನೆ ಬೀಜ ಮೊಳೆತು ಹಾಗೇ ಬಾಡಿಹೋಗ್ತಿತ್ತು. ಮರ ಬಿದ್ದು ಬಿಸಿಲು ಇಳಿದ ಕಡೆ ಸಸಿಗಳು ಮೊಣಕಾಲುದ್ದ ನಿಂತಿದ್ದವು. ಓಹೋ, ಇವಕ್ಕೆ ಒಂದಿಷ್ಟು ಬಿಸಿಲೂ ಬೇಕು, ತಾಯಿಮರವೂ ಹತ್ತಿರ ಇರಬೇಕು ಅಂತ ಅವಳಿಗೆ ಹೊಳೀತಂತೆ. ಆಮೇಲೆ ಅಲ್ಲೊಂದು ಇಲ್ಲೊಂದು ಮರ ಕಡಿಸಿ ಬೆಳಕಿಗೆ ದಾರಿ ಮಾಡಿ, ಬೀಜ ಉದುರಿಸೋ ಒಳ್ಳೇ ಮರ ಉಳಿಸಿ, ಸಸಿಗಳು ಮೇಕೆ ಬಾಯಿಗೆ ಎಟುಕದಷ್ಟು ಎತ್ತರ ಆಗೋವರೆಗೂ ಮುಳ್ಳುಬೇಲಿ ಕಟ್ಟಿಸಿ ಕಾದಳಂತೆ.

ಮೊದಮೊದಲು ಅಕ್ಕಂದಿರ ಗುಡ್ಡದಿಂದ ಗಾಡಿಗಟ್ಟಲೆ ಮರ ಬರೋದು, ಇವಳದ್ದು ನಾಕೇ ದಿಮ್ಮಿ. ಅಪ್ಪ ಸಿಟ್ಟಾಗಿ ಬಂದು, ಏನವ್ವಾ, ಗಿಡಗಂಟೆ ಬೆಳೆಸ್ಕೊಂಡು ಕೂತಿದೀಯ, ಗುಡ್ಡ ಕಿತ್ಕೊಂಡು ಅಕ್ಕಂದಿರಿಗೆ ಕೊಡ್ಲಾ ಅಂದನಂತೆ. ಕೆಂಚಕ್ಕ ಸಸಿಗಳ ನಡುವೆ ಹೋಗಿ ನಿಂತಳು. ಅಪ್ಪಯ್ಯಾ, ಈ ಸಸಿಗಳು ನನ್ನ ತಲೆ ಮೀರಿ ಬೆಳೆಯೋವರೆಗೂ ತಡಕೋ, ಆಮೇಲೆ ಬೇಕಾದ್ರೆ ಕಿತ್ಕೋ ಅಂದಳಂತೆ. ಅಪ್ಪ ಮಗಳ ಮುಖ ನೋಡಿ, ಆಗಲಿ ಅಂತ ಹೊರಟುಹೋದನಂತೆ.

ಕಾಲ ಕಳೀತು. ಅಪ್ಪನ ಮೀಸೆ ಬೆಳ್ಳಗಾಯ್ತು, ಕೆಂಚಕ್ಕನ ತಲೇಲೂ ನರೆ ಬಂತು. ಒಂದು ಆಷಾಢದಲ್ಲಿ ಬಿರುಗಾಳಿ ಬೀಸ್ತು ನೋಡು ಮಗಾ! ಬೊಮ್ಮಕ್ಕನ ತೇಗ, ಎಲ್ಲಾ ಒಂದೇ ವಯಸ್ಸು, ಒಂದೇ ಎತ್ತರ, ಸಾಲಿಗೆ ಸಾಲೇ ಮಲಗಿಬಿಡ್ತಂತೆ. ಈರಕ್ಕನ ಪೊಟರೆ ಮರ ಲಟಲಟ ಮುರಿದವಂತೆ, ಕೆಳಗೆ ನೋಡಿದರೆ ಒಂದು ಸಸಿ ಇಲ್ಲ, ಎಲ್ಲಾ ಮೇಕೆ ಹೊಟ್ಟೆ ಸೇರಿತ್ತು. ಗುಡ್ಡದ ಕೆಳಗಿನ ಹೊಳೆ ಉಕ್ಕಿ ಸೇತುವೆ ಕೊಚ್ಚಿಹೋಯ್ತು, ಮನೆಗಳ ಮಾಡು ಹಾರಿಹೋಯ್ತು, ಆಚೆ ದಡದ ಜನ ಕೂಳಿಲ್ಲದೆ ಕೂಗ್ತಿದ್ದರಂತೆ.

ಅಪ್ಪ ಏದುಸಿರು ಬಿಡ್ತಾ ಕೆಂಚಕ್ಕನ ಹತ್ರ ಬಂದ. ಅಲ್ಲೂ ಕೆಲವು ಮರ ಉರುಳಿದ್ದವು, ಆದರೆ ಗುಡ್ಡ ನಿಂತಿತ್ತು! ಸೇತುವೆಗೆ ತೊಲೆ ಬೇಕಲ್ಲವ್ವಾ ಅಂದ. ಇಬ್ಬರು ತಬ್ಬಿದರೂ ಸಿಗದಂಥ ಹೊನ್ನೆ, ಗಾಳಿಗೆ ಬಿದ್ದದ್ದು, ಉರುಳಿಸಿ ಕೊಟ್ಟಳು. ಮಾಡಿಗೆ ಗಳ ಬೇಕಲ್ಲ ಅಂದ. ಪ್ರಾಯದ ಮರ ಆರಿಸಿ ಕಡಿಸಿ ಕೊಟ್ಟಳು. ಆಮೇಲೆ ಮೆಲ್ಲಗೆ, ನಿನ್ನ ಅಕ್ಕಂದಿರ ಬೋಳುಗುಡ್ಡಕ್ಕೆ ಏನು ಗತಿ ಅಂದ. ಕೆಂಚಕ್ಕ ನಕ್ಕು, ಬಿದ್ದ ಮರಗಳ ಸಂದಿ ತೋರಿಸಿದಳಂತೆ. ಹೊನ್ನೆ, ಮತ್ತಿ, ಬೀಟೆ, ನೆಲ್ಲಿ, ಬಿಸಿಲಿಗೆ ಅಂತಲೇ ಕಾದಿದ್ದ ಸಸಿಗಳು ಕಿಕ್ಕಿರಿದು ನಿಂತಿದ್ದವಂತೆ. ಅಕ್ಕಂದಿರನ್ನ ಕರೆಸಿ, ಬುಟ್ಟಿ ತುಂಬ್ಕೊಂಡು ಹೋಗ್ರಕ್ಕಾ ಅಂದಳಂತೆ.

ಸೇತುವೆ ಎದ್ದ ದಿನ ಎರಡೂ ದಡದ ಜನ ತಮಟೆ ಬಡೀತಾ ನಡುಮಧ್ಯೆ ಸೇರಿ, ಇನ್ಮೇಲೆ ಇವಳೇ ನಮ್ಮ ನಾಯಕಿ ಅಂತ ಕೆಂಚಕ್ಕನ್ನ ಹೆಗಲ ಮೇಲೆ ಹೊತ್ತು ಕುಣಿದರಂತೆ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಅವಳ ಅಕ್ಕಂದಿರೇ ಅಂತೆ. ಮೂರು ಗುಡ್ಡದಲ್ಲೂ ಕಾಡು ಎದ್ದಿತು, ಅಕ್ಕತಂಗೀರು ಅದರ ನೆರಳಲ್ಲಿ ಸುಖವಾಗಿದ್ದರು, ನಮ್ಮ ಕತೆಯೂ ಅಲ್ಲೇ ತಣ್ಣಗೆ ಮುಗೀತು ಕಣೋ.