ವೈರಾಗ್ಯವೆಂದು ಕೈಮುಗಿದದ್ದು

ಹೊಳೆಯನ್ನೂ ಅದರ ಮೇಲಿನ ಮಂಜನ್ನೂ ಒಂದೇ ಅಂಗೈಯಲ್ಲಿ ಹಿಡಿದ ಶಿವನಿಗೆ ಮೊದಲು ಶರಣು. ಅವನು ನಡೆಸಿದಂತೆ ಈ ಕಥೆ ನಡೆಯಲಿ.

ಕಪಿಲೆಯ ದಡದಲ್ಲಿ ಒಂದು ಚಿಕ್ಕ ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಬುದ್ಧಿಯವರೆಂದೇ ಕರೆಯುತ್ತಿದ್ದರು. ತಿಂಗಳ ಸಂಚಾರ ಮುಗಿಸಿ ಅವರು ಹಿಂತಿರುಗಿದ ಬೆಳಗ್ಗೆ, ಶಿಷ್ಯ ಶಿವರುದ್ರ ಓಡಿ ಬಂದ.

“ಬುದ್ಧೀ, ನಮ್ಮ ಮಠದ ಹುಡುಗ ಮುದ್ದುಮಲ್ಲನಿಗೆ ವೈರಾಗ್ಯ ಬಂದುಬಿಟ್ಟಿದೆ!”

“ಯಾರು ಹೇಳಿದರು?”

“ಕಣ್ಣಾರೆ ಕಂಡೆ. ಮೂರು ವಾರದಿಂದ ಊಟ ಅಂದರೆ ಒಂದು ತುತ್ತು, ಎರಡು ತುತ್ತು. ನಿದ್ದೆಯಿಲ್ಲ. ಮಾತಿಲ್ಲ. ಹೋಳಿಗೆ ಮುಂದಿಟ್ಟರೆ ಮಣ್ಣು ನೋಡಿದ ಹಾಗೆ ನೋಡಿದ. ನಾನು ಮಠಕ್ಕೆ ಬಂದು ಹನ್ನೆರಡು ವರ್ಷ, ನನಗಿನ್ನೂ ಹಸಿವೇ ಹೋಗಿಲ್ಲ.”

“ನನಗೂ ಹೋಗಿಲ್ಲ ಕಣಪ್ಪ. ಇವತ್ತು ತಿಂಡಿ ಏನು?”

ಶಿವರುದ್ರ ನಗಲಿಲ್ಲ. “ಊರಿನವರೆಲ್ಲ ಬಂದು ಅವನ ಪಾದ ಮುಟ್ಟಿ ಹೋಗುತ್ತಿದ್ದಾರೆ. ಸಾಲು ನಿಲ್ಲಿಸುವವನು ನಾನೇ.”

“ಅವನು ಏನನ್ನುತ್ತಾನೆ?”

“‘ನಾನು ಯಾತಕ್ಕೂ ಬಾರದವನು’ ಅನ್ನುತ್ತಾನೆ. ಎಂಥ ವಿನಯ! ನೆನ್ನೆ ಅವರಪ್ಪನ ತಂಬೂರಿಯನ್ನೂ ನನಗೇ ಕೊಟ್ಟುಬಿಟ್ಟ. ‘ಇನ್ನು ನನಗೆ ಬೇಕಾಗುವುದಿಲ್ಲ’ ಅಂದ.”

ಬುದ್ಧಿಯವರ ಮುಖದ ನಗೆ ಆರಿತು. ಎದ್ದರು.

“ಎಲ್ಲಿದ್ದಾನೆ?”

“ಹೊಳೆಯ ಹತ್ತಿರ, ಧ್ಯಾನದಲ್ಲಿ...”

ಅವರಾಗಲೇ ಬರಿಗಾಲಲ್ಲಿ ಹೊರಟಿದ್ದರು.

ಹೊಳೆಯ ಮೇಲೆ ಮಂಜು ಮಲಗಿತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ತಿಳಿಯುತ್ತಿರಲಿಲ್ಲ. ಆ ಬಿಳುಪಿನಲ್ಲಿ, ಕಡೆಯ ಮೆಟ್ಟಿಲ ಮೇಲೆ, ಮುದ್ದುಮಲ್ಲ ಕೂತಿದ್ದ.

ಬುದ್ಧಿಯವರು ಅವನ ಪಕ್ಕ ಕೂತರು. ಅವನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಮಗಾ, ಸತ್ತುಹೋಗಬೇಕು ಅನ್ನಿಸುತ್ತಿದೆಯಾ?”

ಹಿಂದೆಯೇ ಬಂದು ನಿಂತಿದ್ದ ಶಿವರುದ್ರ ಬೆಚ್ಚಿದ. “ಬಿಡ್ತು ಅನ್ನಿ ಬುದ್ಧೀ! ಇಂಥ ಮಾತು ಕೇಳುವುದುಂಟೇ?”

“ಇಷ್ಟು ದಿನ ಯಾರೂ ಕೇಳಲಿಲ್ಲವಲ್ಲ, ಅದು ತಪ್ಪು.”

ಮುದ್ದುಮಲ್ಲ ಅವರ ಕಡೆ ತಿರುಗಿದ. “ಹೌದು ಬುದ್ಧೀ. ದಿನಾ.” ಆಮೇಲೆ ಅತ್ತ.

ಅಳು ಇಳಿಯುವವರೆಗೆ ಬುದ್ಧಿಯವರು ಕೈ ಬಿಡಲಿಲ್ಲ.

“ಇದು ವೈರಾಗ್ಯವಲ್ಲ ಶಿವರುದ್ರ, ಕಾಯಿಲೆ. ಮೈಗೆ ಬಂದ ಹಾಗೆ ಮನಸ್ಸಿಗೂ ಬರುತ್ತದೆ. ಆಚೆ ದಡದ ಆಸ್ಪತ್ರೆಯಲ್ಲಿ ಮನಸ್ಸಿನ ವೈದ್ಯರಿದ್ದಾರೆ. ಹರಿಗೋಲು ತರಿಸು.”

“ಮಠದ ವಿಭೂತಿ ಸಾಲದೇ ಬುದ್ಧೀ? ಜನ ಏನಂದಾರು?”

“ನನ್ನ ಕಣ್ಣಿಗೆ ಪೊರೆ ಬಂದಾಗ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡೆ. ಪೊರೆ ತೆಗೆದದ್ದು ವೈದ್ಯರ ಕೈ. ಶಿವ ಎರಡರಲ್ಲೂ ಇದ್ದ.”

ಶಿವರುದ್ರ ತಲೆ ತಗ್ಗಿಸಿದ. “ನೋಡಲು ವೈರಾಗ್ಯವೂ ಕಾಯಿಲೆಯೂ ಒಂದೇ ಥರ ಇದ್ದವು. ನಾನು ಹೇಗೆ ತಿಳಿಯಬೇಕಿತ್ತು?”

“ವೈರಾಗಿಗೆ ಲೋಕ ಬೇಡವಾಗುತ್ತದೆ. ತಾನು ಲೋಕಕ್ಕೆ ಬೇಡವಾದೆ ಅಂತ ಅವನು ಕೊರಗುವುದಿಲ್ಲ. ನೀವೆಲ್ಲ ಇವನ ಕಾಲು ಮುಟ್ಟಿದಿರಿ. ಪಕ್ಕದಲ್ಲಿ ಕೂತವರು ಯಾರು?”

ಹರಿಗೋಲು ಬಂದಾಗ ಶಿವರುದ್ರ ತಾನೂ ಹತ್ತಿ, ಮುದ್ದುಮಲ್ಲನ ಇನ್ನೊಂದು ಪಕ್ಕಕ್ಕೆ ಒತ್ತಿಕೊಂಡು ಕೂತ.

ಹರಿಗೋಲು ಮೆಲ್ಲಗೆ ಸುತ್ತುತ್ತಾ ಮಂಜಿನೊಳಗೆ ಹೋಯಿತು. ಈ ದಡ ಮರೆಯಾಯಿತು. ಆ ದಡ ಇನ್ನೂ ಕಂಡಿರಲಿಲ್ಲ.

“ಬುದ್ಧೀ,” ಮುದ್ದುಮಲ್ಲನ ದನಿ ನೀರಿನ ಸದ್ದಿಗಿಂತ ಸಣ್ಣದಾಗಿತ್ತು, “ನನ್ನ ಭಕ್ತಿಯೆಲ್ಲ ಹೋಯಿತು. ಶಿವನ ಹೆಸರೂ ಬಾಯಿಗೆ ಬರುತ್ತಿಲ್ಲ.”

“ಬರದಿದ್ದರೆ ಇರಲಿ ಮಗಾ. ನಿನ್ನ ಪಾಲಿನ ಜಪ ನಾನು ಮಾಡುತ್ತಿರುತ್ತೇನೆ. ನೀನು ಉಸಿರಾಡುತ್ತಿರು, ಸಾಕು.”

ಕಿವಿಗೊಟ್ಟ ನಿಮ್ಮೆಲ್ಲರ ಮನಸ್ಸು ತಂಪಾಗಿರಲಿ, ಶಿವ ಕಾಯಲಿ.