ಖಾಲಿ ಗಾಣದ ಎತ್ತು

ಪೇಟೆಯಲ್ಲಿ ಎತ್ತಿನ ಗಾಡಿಗಳ ಕೆಲಸವನ್ನು ಟೆಂಪೋಗಳು ಕಿತ್ತುಕೊಂಡವು, ಹುಲ್ಲೂ ತುಟ್ಟಿಯಾಯಿತು. ಅಲ್ಲಿ ಗಾಡಿ ಎಳೆಯುತ್ತಿದ್ದ ಎತ್ತೊಂದು ಹುಟ್ಟೂರಿಗೆ ಮರಳಿ, ಹಿಂದೆ ತಾನು ಸುತ್ತುತ್ತಿದ್ದ ಎಣ್ಣೆಗಾಣದ ಮುಂದೆ ನಿಂತಿತು.

“ಗಾಣದಣ್ಣಾ, ನನ್ನ ಕೆಲಸ ಇನ್ನೂ ಇದೆಯೇ?”

“ಎಣ್ಣೆಯನ್ನು ಹಿತ್ತಲಿನ ಮೋಟಾರು ತೆಗೆಯುತ್ತದೆ,” ಎಂದಿತು ಗಾಣ. “ಗಿರಾಕಿಗಳು ಬಂದಾಗ ನಾವು ಖಾಲಿ ತಿರುಗಿ ತೋರಿಸಬೇಕು. ಎತ್ತಿನ ಗಾಣದ ಎಣ್ಣೆಯೆಂದರೆ ಅವರು ದುಪ್ಪಟ್ಟು ಕೊಡುತ್ತಾರೆ.”

“ನನಗೇನು ಸಿಗುತ್ತದೆ?”

“ಮೊದಲಿನದರಲ್ಲಿ ಅರ್ಧ ಹುಲ್ಲು. ಹಿಂಡಿಯನ್ನು ಈಗ ಮಾರುತ್ತಾರೆ.”

ಎತ್ತು ನೊಗಕ್ಕೆ ಕೊರಳು ಕೊಟ್ಟಿತು.

“ಇನ್ನು ಕಣ್ಣಿಗೆ ಬಟ್ಟೆ ಕಟ್ಟುವುದಿಲ್ಲ,” ಎಂದಿತು ಗಾಣ. “ನಿನ್ನ ಮುಖ ಗಿರಾಕಿಗಳಿಗೆ ಕಾಣಬೇಕಂತೆ.”

“ಹೇಗಾದರೂ ಕಟ್ಟಿಸಣ್ಣಾ,” ಎಂದಿತು ಎತ್ತು. “ಕಣ್ಣು ಮುಚ್ಚಿದ್ದರೆ, ಎಣ್ಣೆ ಬರುತ್ತಿದೆ ಎಂದುಕೊಂಡಾದರೂ ಸುತ್ತುತ್ತೇನೆ.”