ಬಟ್ಟೆ ವ್ಯಾಪಾರಿಯ ಅಡುಗೆಮನೆ

ಇದನ್ನ ಯಾರ ಹತ್ರಾನೂ ಹೇಳಬಾರದು ಅಂತ ವಿಮಲಾಕ್ಷಿ ಮೇಡಂ ನನಗೆ ಹೇಳಿದ್ರು. "ನಿನ್ನಲ್ಲೇ ಇಟ್ಕೋ. ಅಡುಗೆಮನೆ ಮಾಡಿಸೋರ ಕಿವಿಗೆ ಬಿದ್ರೆ, ನನ್ನನ್ನ ಖುಷಿಪಡಿಸೋಕೆ ಅಂತಲೇ ನಾಟಕ ಶುರು ಮಾಡ್ತಾರೆ" ಅಂದ್ರು. ಆದ್ರೂ ಹೇಳ್ತಿದ್ದೀನಿ. ನಾನು ಕತೆ ಓದಿರೋಳು, ಹೇಳಿರೋಳಲ್ಲ. ಅದಕ್ಕೆ ಅವರು ಹೇಗೆ ಹೇಳಿದ್ರೋ ಹಾಗೇ ಹೇಳ್ತೀನಿ.

ಮೇಡಂ ಅಡುಗೆಮನೆ ಡಿಸೈನ್ ಮಾಡ್ತಾರೆ. ಅಡುಗೆ ಅಂದ್ರೆ ಜೀವ ಬಿಡೋರೇ ಅವರ ಹತ್ರ ಬರೋದು. ರಜೆಯಲ್ಲಿ ನಾನು ಕೆಲಸ ಕಲಿಯೋಕೆ ಅಂತ ಅವರ ಜೊತೆ ಓಡಾಡ್ತಿದ್ದೆ. ಒಂದಿನ ಒಬ್ಬರ ಮನೇಲಿ ಕೆಲಸ ಮುಗೀತು. ಮನೆಯವರು ತಟ್ಟೇಲಿ ಮೈಸೂರು ಪಾಕ್ ತಂದಿಟ್ಟು, "ತುಂಬ ಚೆನ್ನಾಗಾಗಿದೆ" ಅಂದ್ರು. ವಾಪಸ್ ಬರ್ತಾ ಆಟೋದಲ್ಲಿ ನಾನು ಕೇಳ್ದೆ:

"ಮೇಡಂ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳ್ತಾರಲ್ಲ. ನಿಜವಾಗ್ಲೂ ಚೆನ್ನಾಗಾಗಿದೆ ಅಂತ ನಮಗೆ ಹೇಗೆ ಗೊತ್ತಾಗೋದು?"

ಮೇಡಂ ನನ್ನ ಕಡೆ ತಿರುಗಿ ನೋಡಿದ್ರು. "ಅಂತೂ ಬಾಯಿ ಬಿಟ್ಟೆ. ನಿನಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ" ಅಂದ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಅಡುಗೆ ಮಾಡೋದು ಅಂದ್ರೆ ಪ್ರಾಣ. ಅಂಗಡಿ ಮುಚ್ಚಿ ಮನೆಗೆ ಬಂದವನೇ ಅಡುಗೆಮನೆ ಸೇರ್ತಿದ್ದ. ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸ್ತಾ ತೋರಿಸ್ತಾ, "ನಿಮ್ಮನೇಲಿ ಇವತ್ತು ಏನು ಹುಳಿ?" ಅಂತ ಕೇಳ್ತಿದ್ದ. ಅವನ ಅಂಗಡಿಗೆ ಸೀರೆಗೆ ಅಂತ ಅರ್ಧ ಹೆಂಗಸರು ಬಂದ್ರೆ, ಗೊಜ್ಜು ಮಾಡೋದು ಹೇಗೆ ಅಂತ ಕೇಳೋಕೆ ಇನ್ನರ್ಧ ಬರೋರು. ಅವನ ಹೆಂಡತಿಗೆ ಅಡುಗೆ ಬರ್ತಿರಲಿಲ್ಲ. "ನನ್ನ ಕೈ ಅಡುಗೆ ನನಗೇ ಇಳಿಯಲ್ಲ" ಅಂತ ಅವಳೇ ಹೇಳ್ಕೊಂಡು ನಗೋಳು.

ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಆ ಊರಲ್ಲಿ ಹೆಸರು ಮಾಡಿದ್ದ ಒಬ್ಬ ಅಡುಗೆಮನೆ ಮಾಡೋನನ್ನ ಕರೆಸಿದ. ಆ ಕೆಲಸದವನಿಗೆ ಒಂದು ಪದ್ಧತಿ ಇತ್ತು. ಮನೆಯವರು ಅಡುಗೆ ಮಾಡೋದನ್ನ ಪೂರ್ತಿ ನೋಡದೆ ಒಂದು ಗೆರೆ ಕೂಡ ಎಳೀತಿರಲಿಲ್ಲ.

"ನಾಳೆ ಬರ್ತೀನಿ ಯಜಮಾನ್ರೇ. ನೀವು ದಿನಾ ಹೇಗೆ ಮಾಡ್ತೀರೋ ಹಾಗೆ ಮಾಡಿ. ನಾನು ಸುಮ್ಮನೆ ನೋಡ್ತಿರ್ತೀನಿ" ಅಂದ.

ಮಾರನೇ ದಿನ ಹಳೇ ಮನೆಗೆ ಬಂದ. ವ್ಯಾಪಾರಿ ಬಿಳಿ ಶರ್ಟು ಹಾಕ್ಕೊಂಡು ನಿಂತಿದ್ದ. ಡಬ್ಬಿಗಳು ಸಾಲಾಗಿದ್ವು. ಒಂದು ಡಬ್ಬಿ ತೆಗೆದು, ಚಮಚದಲ್ಲಿ ಅಳೆದು ಹಾಕಿ, ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು, ಆಮೇಲೆ ಇನ್ನೊಂದು ತೆಗೀತಿದ್ದ. ಪಾಯಸ ಮಾಡಿದ, ಎರಡು ಥರ ಪಲ್ಯ ಮಾಡಿದ, ಕೋಸಂಬರಿ ಮಾಡಿದ, ಚಿತ್ರಾನ್ನ ಮಾಡಿದ. ಕೆಲಸದವನು ಎಲ್ಲಾನೂ ನೋಡಿದ. ವ್ಯಾಪಾರಿಯ ಮೊಣಕೈ ಎಷ್ಟು ಎತ್ತರಕ್ಕಿದೆ, ಯಾವ ಕೈಯಲ್ಲಿ ಸೌಟು ಹಿಡೀತಾನೆ, ಯಾವ ಕಡೆ ತಿರುಗ್ತಾನೆ, ಎಲ್ಲಾ ಮನಸ್ಸಲ್ಲಿಟ್ಕೊಂಡ. ಹೊಟ್ಟೆ ತುಂಬ ಊಟ ಮಾಡಿ ಹೋದ.

ಆಮೇಲೆ ಹೊಸ ಮನೇಲಿ ಅಡುಗೆಮನೆ ಮಾಡ್ಕೊಟ್ಟ. ವ್ಯಾಪಾರಿಯ ಮೊಣಕೈಗೆ ಸರಿಯಾಗಿ ಕಲ್ಲಿನ ಕಟ್ಟೆ. ಡಬ್ಬಿಗಳಿಗೆ ಗಾಜಿನ ಬಾಗಿಲಿನ ಬೀರು, ಒಂದೊಂದು ಡಬ್ಬಿಗೂ ಅದರದೇ ಗೂಡು. ಗೋಡೆಗೆ ಹೂವಿನ ಚಿತ್ರದ ಟೈಲ್ಸು. ಹಾಲಿಗೂ ಅಡುಗೆಮನೆಗೂ ಮಧ್ಯೆ ಗೋಡೆಯೇ ಇಲ್ಲ. ಬಂದವರು ಕೂತ್ಕೊಂಡು ವ್ಯಾಪಾರಿ ಅಡುಗೆ ಮಾಡೋದನ್ನ ನೋಡ್ಲಿ ಅಂತ ಒಂದು ಉದ್ದನೆ ಬೆಂಚು ಬೇರೆ ಹಾಕಿಸಿದ.

ಊರೆಲ್ಲ ನೋಡೋಕೆ ಬಂತು. ಎಲ್ಲರೂ ಚೆನ್ನಾಗಿದೆ ಅಂದ್ರು. ವ್ಯಾಪಾರಿನೂ ಚೆನ್ನಾಗಿದೆ ಅಂದ.

ಸ್ವಲ್ಪ ದಿನ ಆಯ್ತು. ವ್ಯಾಪಾರಿ ಅಂಗಡಿಯಿಂದ ಬಂದು ಹಾಲಲ್ಲೇ ಕೂರೋಕೆ ಶುರು ಮಾಡಿದ. ಒಂದಿನ ತಲೆನೋವು ಅಂದ. ಒಂದಿನ ಹಸಿವಿಲ್ಲ ಅಂದ. ಅಡುಗೆ ಮಾಡಿದ ದಿನ ಅರ್ಧ ಉಂಡು ತಟ್ಟೆ ಸರಿಸಿದ. ಅಂಗಡೀಲೂ ಯಾರ ಮನೆ ಹುಳಿ ಬಗ್ಗೆಯೂ ಕೇಳಲಿಲ್ಲ. ಬಣ್ಣ ಹೇಳಿದ, ಬೆಲೆ ಹೇಳಿದ, ಅಷ್ಟೇ.

ಒಂದು ರಾತ್ರಿ ಹೆಂಡತಿ ಮಾಡಿದ ಸಾರನ್ನೇ ಉಂಡ. ಕೈ ತೊಳ್ಕೊಂಡು ಬಂದು, "ನನ್ನ ಕೈರುಚಿ ಹೋಯ್ತು ಕಣೇ" ಅಂದ. "ವಯಸ್ಸಾದ ಮೇಲೆ ಹೋಗುತ್ತಂತೆ. ಯಾರನ್ನಾದ್ರೂ ಅಡುಗೆಗೆ ಇಟ್ಕೊಳ್ಳೋಣ. ನಾನಿನ್ನು ಒಲೆ ಮುಟ್ಟಲ್ಲ."

ಹೆಂಡತಿಗೆ ಭಯ ಆಯ್ತು. ಅವಳ ಗಂಡ ಜ್ವರ ಬಂದಾಗಲೂ ಎದ್ದು ಹೋಗಿ ತನ್ನ ಗಂಜಿಗೆ ತಾನೇ ಜೀರಿಗೆ ಹುರೀತಿದ್ದೋನು. ಬೆಳಿಗ್ಗೆ ಎದ್ದವಳೇ ಅಡುಗೆಮನೆ ಮಾಡಿದೋನ ಹತ್ರ ಹೋದಳು.

"ಅಣ್ಣ, ನಮ್ಮೆಜಮಾನ್ರು ಅಡುಗೆ ಬಿಟ್ಟುಬಿಟ್ರು" ಅಂದಳು.

ಕೆಲಸದವನಿಗೆ ನಂಬಿಕೆ ಬರಲಿಲ್ಲ. "ಅಳತೆ ಏನಾದ್ರೂ ತಪ್ಪಿದೆಯಾ ನೋಡ್ತೀನಿ" ಅಂತ ಮನೆಗೆ ಬಂದ. ವ್ಯಾಪಾರಿ ಅವನನ್ನ ನೋಡಿದ ತಕ್ಷಣ ಒಳಗೆ ಹೋಗಿ ಬಿಳಿ ಶರ್ಟು ಹಾಕ್ಕೊಂಡು ಬಂದ. ನಗ್ತಾ ನಗ್ತಾ ಪಾಯಸ ಮಾಡಿ ಬಡಿಸಿದ. ಅಳತೆ ಎಲ್ಲೂ ತಪ್ಪಿರಲಿಲ್ಲ.

ಕೆಲಸದವನು ಹೊರಡೋವಾಗ ಹೆಂಡತಿ ಗೇಟಿನವರೆಗೂ ಬಂದಳು.

"ಆ ಬಿಳಿ ಶರ್ಟು ಇದೆಯಲ್ಲ ಅಣ್ಣ, ಅದನ್ನ ಅವರು ಮದುವೆ ಮನೆಗೆ ಬಿಟ್ರೆ ಎಲ್ಲಿಗೂ ಹಾಕ್ಕೊಳ್ಳಲ್ಲ. ನೀನು ಬಂದಾಗ ಹಾಕ್ಕೋತಾರೆ. ಪಾಯಸ ಅವರಿಗೆ ಸೇರೋದೇ ಇಲ್ಲ. ಅದೂ ನೀನು ಬಂದಾಗಲೇ ಮಾಡೋದು."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲಮ್ಮ?"

"ನೀನು ಏನು ಕೇಳಿದ್ರೂ ಅವರನ್ನ ಕೇಳ್ದೆ. ನನ್ನನ್ನ ಏನು ಕೇಳಿದ್ದೆ ಹೇಳು. ಕುಡಿಯೋಕೆ ಒಂದು ಲೋಟ ನೀರು."

ಕೆಲಸದವನಿಗೆ ಅವಮಾನ ಆಯ್ತು. ಆದ್ರೆ ಹಠನೂ ಬಂತು. "ಹಾಗಾದ್ರೆ ಅವರಿಗೆ ಗೊತ್ತಾಗದ ಹಾಗೆ ನಾನು ನೋಡಬೇಕು" ಅಂದ. ಇಬ್ಬರೂ ಸೇರಿ ಒಂದು ಉಪಾಯ ಮಾಡಿದ್ರು.

ಭಾನುವಾರ ಹೆಂಡತಿ ಗಂಡನಿಗೆ ಹೇಳಿದಳು, "ನಾನು ಅಕ್ಕನ ಮನೆಗೆ ಹೋಗಿ ಮಧ್ಯಾಹ್ನ ಬರ್ತೀನಿ. ಬಸ್ಸಾರು ಉಣ್ಣಬೇಕು ಅಂತ ತುಂಬ ಆಸೆ ಆಗಿದೆ. ಇದೊಂದು ಸಲ ಮಾಡಿಡಿ. ಆಮೇಲೆ ಬೇಕಾದ್ರೆ ಅಡುಗೆಯವರನ್ನ ಕರೆಯೋಣ." ಅಷ್ಟೊತ್ತಿಗೆ ಕೆಲಸದವನನ್ನ ಹಿತ್ತಲ ಕಡೆಯಿಂದ ಕರ್ಕೊಂಡು ಬಂದು, ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಅಕ್ಕಿ ಮೂಟೆ ಹಿಂದೆ ನಿಲ್ಲಿಸಿ ಆಗಿತ್ತು.

ಹೆಂಡತಿ ಹೋದಳು.  ವ್ಯಾಪಾರಿ ಎದ್ದು ಮುಂಬಾಗಿಲಿಗೆ ಚಿಲಕ ಹಾಕಿದ. ಕಿಟಕಿ ಪರದೆ ಎಳೆದ. ಶರ್ಟು ಬಿಚ್ಚಿ ಗೂಟಕ್ಕೆ ಹಾಕಿ, ಪಂಚೆ ಎತ್ತಿ ಕಟ್ಟಿದ. ಬೀರುವಿಂದ ಡಬ್ಬಿಗಳನ್ನೆಲ್ಲ ತೆಗೆದು ನೆಲದ ಮೇಲೆ ಸುತ್ತ ಹರಡ್ಕೊಂಡ. ಮುಚ್ಚಳ ಎಲ್ಲಾ ತೆಗೆದು ಒಂದು ಕಡೆ ರಾಶಿ ಹಾಕಿದ. ಹಳೇ ಸ್ಟವ್ ತಂದು ಕೆಳಗಿಟ್ಟ. ಈಳಿಗೆ ಮಣೆ ಎಳ್ಕೊಂಡು ಮಧ್ಯದಲ್ಲಿ ಕೂತ. ಕಟ್ಟೆ ಕಡೆ ತಿರುಗೂ ನೋಡಲಿಲ್ಲ. ಸೊಪ್ಪು ಹೆಚ್ಚುತ್ತಾ ಹೆಚ್ಚುತ್ತಾ ಹಾಡೋಕೆ ಶುರು ಮಾಡಿದ. ಶ್ರುತಿ ಇರಲಿಲ್ಲ, ತಾಳ ಇರಲಿಲ್ಲ. ಹಾಡು ಮಾತ್ರ ಇತ್ತು.

ಕೆಲಸದವನು ಮೂಟೆ ಹಿಂದಿಂದ ಕಣ್ಣು ಬಿಟ್ಕೊಂಡು ನೋಡ್ತಾ ನಿಂತ. ಇಷ್ಟು ದಿನ ತಾನು ಊಟ ಮಾಡಿದ್ದು ಯಾರೋ ಬೇರೆಯವರ ಕೈ ಅಡುಗೆ ಅನ್ನಿಸ್ತು ಅವನಿಗೆ.

ಆಗ ವ್ಯಾಪಾರಿ ಬಾಣಲೆಗೆ ಒಣಮೆಣಸಿನಕಾಯಿ ಹಾಕಿದ. ಘಾಟು ಎದ್ದು ಉಗ್ರಾಣಕ್ಕೂ ಬಂತು. ಕೆಲಸದವನು ಮೂಗು ಹಿಡ್ಕೊಂಡ, ಬಾಯಿ ಮುಚ್ಕೊಂಡ. ಆಗಲಿಲ್ಲ. ಜೋರಾಗಿ ಸೀನಿದ.

ಹಾಡು ನಿಂತು ಹೋಯ್ತು.

"ಯಾರದು?"

"ನಾನೇ ಯಜಮಾನ್ರೇ. ಅಡುಗೆಮನೆಯೋನು."

ಬೇರೆ ಯಾರಾದ್ರೂ ಆಗಿದ್ರೆ ಬೈದು ಕಳಿಸ್ತಿದ್ರು. ವ್ಯಾಪಾರಿ ಎದ್ದು ಒಳಗೆ ಹೋಗಿ ಬಿಳಿ ಶರ್ಟು ತೋಳಿಗೆ ಏರಿಸ್ಕೊಂಡು ಬಂದ.

"ಬನ್ನಿ, ಬನ್ನಿ. ಅಲ್ಲಿ ಯಾಕೆ ನಿಂತಿದ್ದೀರಿ? ಸರಿಯಾಗಿ ಊಟದ ಹೊತ್ತಿಗೆ ಬಂದಿದ್ದೀರಿ. ಉಂಡ್ಕೊಂಡೇ ಹೋಗಬೇಕು" ಅಂದ.

ಗುಂಡಿ ಹಾಕ್ಕೊಂಡ. ಡಬ್ಬಿಗಳಿಗೆ ಮುಚ್ಚಳ ಹಾಕಿ, ಒಂದೊಂದಾಗಿ ಬೀರುವಿನ ಗೂಡಿಗೆ ಸೇರಿಸಿದ. ಹೆಚ್ಚಿದ ಸೊಪ್ಪನ್ನ ಎತ್ಕೊಂಡು ಬಂದು ಕಟ್ಟೆ ಹತ್ರ ನೆಟ್ಟಗೆ ನಿಂತ. ಚಮಚದಲ್ಲಿ ಉಪ್ಪು ಅಳೆದು ಹಾಕಿದ. ಹಾಡು ಮಾತ್ರ ಮತ್ತೆ ಬರಲಿಲ್ಲ.

ಇಬ್ಬರೂ ಉಣ್ಣೋಕೆ ಕೂತ್ರು. ಬಸ್ಸಾರಿಗೆ ಉಪ್ಪೂ ಇತ್ತು, ಹುಳಿಯೂ ಇತ್ತು, ರುಚಿ ಮಾತ್ರ ಇರಲಿಲ್ಲ. ವ್ಯಾಪಾರಿ ತಟ್ಟೆ ನೋಡ್ತಾ, "ನೋಡಿದ್ರಾ, ನನ್ನ ಕೈ ಹೋಗಿದೆ" ಅಂದ. ಅವನ ದನಿ ಸಣ್ಣಗಾಗಿತ್ತು.

ಕೆಲಸದವನು ಅವನ ಬಿಳಿ ಶರ್ಟು ನೋಡಿದ. ಸಾಲಾಗಿ ನಿಂತಿರೋ ಡಬ್ಬಿಗಳನ್ನ ನೋಡಿದ. ಗೋಡೆ ಇಲ್ಲದ ಹಾಲನ್ನ ನೋಡಿದ. ಹಾಲಲ್ಲಿರೋ ಉದ್ದನೆ ಬೆಂಚು ನೋಡಿದ.

"ಕೈ ಎಲ್ಲೂ ಹೋಗಿಲ್ಲ ಯಜಮಾನ್ರೇ. ನಾನು ಬಂದಿದ್ದೀನಿ, ಅಷ್ಟೇ" ಅಂದ.

ಮಾರನೇ ದಿನದಿಂದ ತಾನು ಮಾಡಿದ್ದನ್ನ ತಾನೇ ಕೀಳೋಕೆ ಶುರು ಮಾಡಿದ. ಬೆಂಚು ಹೊರಗೆ ಹೋಯ್ತು. ಗಾಜಿನ ಬೀರು ಹೋಯ್ತು. ಕಟ್ಟೆ ಅರ್ಧಕ್ಕೆ ಇಳೀತು, ಅದರ ಮುಂದೆ ಕೂರೋಕೆ ಅಗಲವಾದ ಮಣೆ ಬಂತು. ಹೂವಿನ ಟೈಲ್ಸು ಮಾತ್ರ ವ್ಯಾಪಾರಿಗೆ ತುಂಬ ಇಷ್ಟ ಇತ್ತು. ಅದನ್ನ ಬಂದವರ ಕಣ್ಣಿನ ಎತ್ತರದಿಂದ ಹುಷಾರಾಗಿ ಬಿಡಿಸಿ, ನೆಲದ ಮೇಲೆ ಕೂತವನ ಕಣ್ಣಿನ ಎತ್ತರಕ್ಕೆ ಅಂಟಿಸಿದ. ಡಬ್ಬಿ ಇಡೋಕೆ ನಯವಾಗಿ ಉಜ್ಜಿದ ಒಂದಷ್ಟು ಹಲಗೆ ತಂದ. ಒಂದಕ್ಕೂ ಮೊಳೆ ಹೊಡೀಲಿಲ್ಲ.

"ಇವು ಎಲ್ಲಿ ಕೂರಬೇಕು?" ಅಂತ ವ್ಯಾಪಾರಿ ಕೇಳಿದ.

"ನನಗೆ ಗೊತ್ತಿಲ್ಲ. ನಿಮ್ಮ ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ."

ಕೊನೆಗೆ ಹಾಲಿಗೂ ಅಡುಗೆಮನೆಗೂ ಮಧ್ಯೆ ಗೋಡೆ ಎಬ್ಬಿಸಿದ. ಗೋಡೆಗೆ ಬಾಗಿಲು ಕೂರಿಸಿದ. ಬಾಗಿಲಿಗೆ ಒಳಗಡೆ ಚಿಲಕ ಇಟ್ಟ.

ವ್ಯಾಪಾರಿಗೆ ಕಸಿವಿಸಿ ಆಯ್ತು. "ಎಲ್ಲಾ ಮುಚ್ಚಿಬಿಟ್ರಲ್ಲ. ನೋಡೋಕೆ ಅಂತ ಬರೋರಿಗೆ ಏನು ಹೇಳಲಿ?"

"ಅಡುಗೆ ಆಗ್ತಿದೆ, ಕೂತ್ಕೊಳ್ಳಿ ಅಂತ ಹೇಳಿ."

"ನೀವು ಬಂದ್ರೆ?"

"ನಾನು ಬರಲ್ಲ" ಅಂತ ಹೇಳಿ ಕೆಲಸದವನು ಸಾಮಾನು ಕಟ್ಕೊಂಡು ಹೋದ.

ಹೋದವನು ಎಷ್ಟೋ ದಿನ ಆ ಕಡೆ ಬರಲಿಲ್ಲ. ಆದ್ರೆ ಬೇರೆ ಯಾರ ಮನೇಲಿ ಕೆಲಸ ಮಾಡ್ತಿದ್ರೂ ಅವನಿಗೆ ಇದೇ ಯೋಚನೆ. ಆ ಮನುಷ್ಯ ಒಲೆ ಹಚ್ಚಿದನೋ ಇಲ್ಲವೋ. ಹಲಗೆಗಳು ಎಲ್ಲಿ ಕೂತವೋ. ಅಥವಾ ಅಡುಗೆಯವರು ಬಂದು ಸೇರಿಬಿಟ್ರೋ. ಒಂದಿನ ತಡೀಲಾರದೆ ಆ ಬೀದಿಗೆ ಬಂದ. ಅವನ ಕಾಲು ತಾನಾಗೇ ಆ ಮನೆ ಗೇಟಿಗೆ ಹೋಯ್ತು.

ವ್ಯಾಪಾರಿಯ ಹೆಂಡತಿ ಜಗುಲಿ ಮೇಲೆ ಕೂತು ಹೂ ಕಟ್ತಿದ್ದಳು.

"ಏನಣ್ಣ, ಬರಲ್ಲ ಅಂದಿದ್ದೋನು?"

"ಈ ಕಡೆ ಸ್ವಲ್ಪ ಕೆಲಸ ಇತ್ತು."

"ಈ ಬೀದೀಲಿ ನಿನಗೇನು ಕೆಲಸ? ಇರೋದು ನಮ್ಮನೆ ಒಂದೇ" ಅಂತ ಅವಳು ನಕ್ಕಳು. ಅವಳ ಮುಖ ತುಂಬ್ಕೊಂಡಿತ್ತು. "ಒಳಗಿದ್ದಾರೆ. ಹೋಗು, ನಾನಂತೂ ಕರೆಯಲ್ಲ."

ಕೆಲಸದವನು ಚಪ್ಪಲಿ ಬಿಟ್ಟು ಹಾಲಿಗೆ ಬಂದ. ಅಡುಗೆಮನೆ ಬಾಗಿಲು ಹಾಕಿತ್ತು. ಒಳಗಿಂದ ಡಬ್ಬಿಗಳು ನೆಲದ ಮೇಲೆ ಸರಿಯೋ ಸದ್ದು ಕೇಳ್ತಿತ್ತು. ಯಾವುದೋ ಹಾಡು, ಅರ್ಧ ಶ್ರುತಿ, ಅರ್ಧ ಅಪಶ್ರುತಿ. ಬಾಗಿಲ ಸಂದಿಯಿಂದ ಇಂಗಿನ ವಾಸನೆ ಬಂತು.

ಬಾಗಿಲು ತಟ್ಟಿದ. ಹಾಡು ನಿಲ್ಲಲಿಲ್ಲ.

"ಯಜಮಾನ್ರೇ, ನಾನು" ಅಂದ.

ಸಾಸಿವೆ ಸಿಡೀತು. ಹಾಡು ಇನ್ನೂ ಜೋರಾಯ್ತು.

ಇನ್ನೊಂದು ಸಲ ತಟ್ಟಿ, ಕಾದ. ಯಾರೂ ಬಾಗಿಲು ತೆಗೀಲಿಲ್ಲ.

ಇಷ್ಟು ಹೇಳಿ ಮೇಡಂ ಬ್ಯಾಗ್ ಎತ್ಕೊಂಡ್ರು. ಆಟೋ ಅವರ ಮನೆ ಹತ್ರ ಬಂದಿತ್ತು. ಕತೆ ಮುಗೀತು ಅಂತ ನನಗೆ ಅನ್ನಿಸಲೇ ಇಲ್ಲ. ಅಷ್ಟು ಆಸೆಯಿಂದ ಬಂದೋನು ಒಳಗೆ ಹೇಗಾಗಿದೆ ಅಂತ ನೋಡದೇ ಹೋದನಾ, ಪಾಪ ಅನ್ನಿಸ್ತು. "ಆಮೇಲಾದ್ರೂ ತೆಗೆದ್ರಾ ಮೇಡಂ?" ಅಂತ ಕೇಳ್ದೆ.

ಮೇಡಂ ಇಳೀತಾ ಹೇಳಿದ್ರು: "ತೆಗೆದಿದ್ರೆ ಅವನು ಎಲ್ಲಾ ಕಿತ್ತು ಇನ್ನೊಂದು ಸಲ ಮಾಡಬೇಕಾಗ್ತಿತ್ತು."